ಗೇರ್‌ಬಾಕ್ಸಿನಲ್ಲಿ ತುಪ್ಪ

ತಿರುಗುತ್ತಿದ್ದ ಮಿಕ್ಸರ್ ತಟ್ಟನೆ ನಿಂತಿತು. ನಿಲ್ಲುವ ಮುಂಚೆ ಅದರ ತಲೆಯಿಂದ ಕಾದ ತುಪ್ಪದ ಘಮ ಎದ್ದು ಅಡುಗೆಮನೆಯನ್ನೆಲ್ಲ ತುಂಬಿತು.

ಸುಮೇಧಾ ಬೌಲಿನೊಳಗೆ ಇಣುಕಿದಳು. ಬೆಣ್ಣೆ, ಸಕ್ಕರೆ ಅರ್ಧಂಬರ್ಧ ಕಲೆತು ಕೂತಿದ್ದವು. ಮತ್ತೆ ಸ್ವಿಚ್ ಹಾಕಿದರೆ ಮೋಟರ್ ಗುಂಯ್‌ಗುಡುತ್ತದೆ, ಬೀಟರ್ ಮಾತ್ರ ಮಿಸುಕುವುದಿಲ್ಲ. ಗೇರಿನ ಹಲ್ಲು ಹೋಗಿದೆ ಎಂದು ಆ ಸದ್ದಿನಲ್ಲೇ ಅವಳಿಗೆ ತಿಳಿಯಿತು. ತಿಳಿಯದ್ದು ತುಪ್ಪದ ವಿಷಯ. ಅವಳು ಕೇಕಿಗೆ ಹಾಕುವುದು ಬೆಣ್ಣೆ. ತುಪ್ಪ ಎಲ್ಲಿಂದ ಬಂತು?

ಕಲಬುರಗಿ ಪಕ್ಕದ ಕುಸನೂರಿನ ಆ ಮನೆಯಲ್ಲಿ ಈ ಸ್ಟ್ಯಾಂಡ್ ಮಿಕ್ಸರಿಗೆ ಇದ್ದ ಮರ್ಯಾದೆ ಬೀಗರಿಗೂ ಇರಲಿಲ್ಲ. ಹೈದರಾಬಾದಿನಲ್ಲಿ ಮುಚ್ಚಿಹೋದ ಬೇಕರಿಯೊಂದರಿಂದ ಸುಮೇಧಾ ತನ್ನ ಗಳಿಕೆಯಲ್ಲೇ ತಂದ ಹಳೆಯ ಯಂತ್ರ ಅದು. ಮೋಟರಿನ ಕಾರ್ಬನ್ ಬ್ರಷ್ ಬದಲಿಸಿದವಳು ಅವಳೇ, ಹೊಸ ವೈರ್ ಹಾಕಿದವಳೂ ಅವಳೇ. ಬೇರೆ ಯಾರೂ ಅದಕ್ಕೆ ಸ್ಕ್ರೂಡ್ರೈವರ್ ತಾಗಿಸುವಂತಿರಲಿಲ್ಲ. ಮೊಟ್ಟೆಯಿಲ್ಲದೆ ಇಷ್ಟು ಮೆತ್ತಗಿನ ಕೇಕ್ ಹೇಗಮ್ಮಾ ಎಂದು ಕಲಬುರಗಿಯಲ್ಲಿ ಯಾರಾದರೂ ಕೇಳಿದರೆ ಹುಡುಗಿ ತುಸು ಗದ್ದ ಎತ್ತಿಯೇ ಉತ್ತರ ಕೊಡುತ್ತಿದ್ದಳು. ಎತ್ತಲಿ ಬಿಡಿ, ದುಡಿದವಳ ಗದ್ದ.

ಆದರೆ ಅದು ಇವತ್ತು ಕೆಡಬಾರದಿತ್ತು. ನಾಳೆ ಕಮಲಾಪುರದ ತಮ್ಮ ಮನೆಯಲ್ಲಿ ಲಲಿತಾಬಾಯಿ ಟೀಚರ್ ಅವರ ನಿವೃತ್ತಿ ಸಮಾರಂಭ. ಅಲ್ಲಿ ಸೇರುವ ಅಷ್ಟೂ ಮಂದಿಗೆ ಕೆಂಪು ಬಾಳೆಹಣ್ಣಿನ ಕೇಕ್ ಸುಮೇಧಾಳದು. ಲಲಿತಾಬಾಯಿಯ ಮಗ ವಿವೇಕಾನಂದ ತನ್ನ ತೋಟದ ಹಣ್ಣನ್ನು ವಾರವಾರ ಇವಳಿಗೆ ತಂದುಕೊಡುವವನು. ಬುಟ್ಟಿ ಇಳಿಸಲು ಎಷ್ಟು ಹೊತ್ತು ಬೇಕು? ಅವನು ಮಾತ್ರ ಚಹಾ ಆರುವ ತನಕ ಕೂರುತ್ತಿದ್ದ. ಇವಳು ಬೇಕೆಂದೇ ಕುದಿಕುದಿ ಚಹಾ ಕೊಡುತ್ತಿದ್ದಳು. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ.

ಅವನ ಮನೆಗೆ ಮೊದಲ ಸಲ ಕಾಲಿಡುವಾಗ ತನ್ನ ಕೈಕೆಲಸವನ್ನು ಮುಂದಿಟ್ಟುಕೊಂಡೇ ಹೋಗಬೇಕು ಎಂಬುದು ಸುಮೇಧಾಳ ಹಟ. ಕೇಕ್ ಆಗದಿದ್ದರೆ ಅವಳು ಆ ಹೊಸ್ತಿಲು ತುಳಿಯುವವಳೇ ಅಲ್ಲ.

“ಅಜ್ಜಿ, ನನ್ನ ಮಿಕ್ಸರಿಗೆ ಯಾರ್ ಕೈ ಹಚ್ಯಾರ?”

ಹೂಬತ್ತಿ ಹೊಸೆಯುತ್ತಿದ್ದ ಸಕ್ಕೂಬಾಯಿ ಅಜ್ಜಿ ತಲೆ ಎತ್ತಲಿಲ್ಲ. ಮಡಿಯ ವಿಷಯದಲ್ಲಿ ಜಗ್ಗದ ಮುದುಕಿ, ಆದರೆ ಸುಳ್ಳು ಹೇಳಿ ಗೊತ್ತಿಲ್ಲ. “ನೀ ಮೊನ್ನೆ ಗೆಳತಿ ಲಗ್ನಕ್ಕ ಪುಣೆಕ್ಕ ಹೋದಾಗ ಅದರ ಬಾಯಿಂದ ಕರಿ ಎಣ್ಣಿ ಸೋರಾಕತ್ತಿತ್ತು. ಅದು ಯಾವ ಜೀವದ ಕೊಬ್ಬೋ ಏನೋ! ನನ್ನ ಅಡಿಗಿಮನ್ಯಾಗ ಬ್ಯಾಡ ಅಂದೆ. ಆ ಬಾಳೆಹಣ್ಣಿನ ಹುಡುಗ, ‘ನಾ ನೋಡ್ತೀನ್ರಿ ಅಜ್ಜಿ’ ಅಂದ. ಪಾಪ, ಭಾಳ ಶ್ರದ್ಧಾದಿಂದ ಮಾಡ್ಯಾನ.”

ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು. ಶ್ರದ್ಧಾವಂತ ಬುಟ್ಟಿ ಹೊತ್ತು ಒಳಗೆ ಬಂದ.

“ಹಣ್ಣ ಎಲ್ಲಿಡ್ಲಿ ರೀ?”

“ಹಣ್ಣ ಹಂಗೇ ಇರಲಿ. ನನ್ನ ಮಿಕ್ಸರಿನಾಗ ಏನ್ ಹಾಕೀರಿ?”

ವಿವೇಕಾನಂದನ ಮುಖ ಅರಳಿತು. ಶಹಬ್ಬಾಸ್ ಸಿಗುತ್ತದೆ ಅಂದುಕೊಂಡನೋ ಏನೋ. “ತುಪ್ಪರಿ. ನಮ್ಮ ಮನಿ ಎಮ್ಮಿದು, ಅವ್ವ ಕಾಸಿದ್ದು. ಹಳೇ ಗ್ರೀಸ್ ಎಲ್ಲಾ ಒರಸಿ ತಗದು ತುಪ್ಪ ತುಂಬೀನಿ. ಅಜ್ಜಿಯವರ ಮಡಿಗೂ ನಡೀತದ ಅಂತ.”

ಸುಮೇಧಾಳಿಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಹೊರಬಿತ್ತು.

“ತುಪ್ಪ ಕಾದ್ರ ನೀರಾಗ್ತದ್ರಿ. ಗೇರ್ ಒಣಾಒಣಾ ತಿಕ್ಕಿ ಹಲ್ಲ ಉದುರ್ಯಾವ. ನಾಳಿ ಕೇಕ್ ಹೆಂಗ ಮಾಡ್ಲಿ?”

ಅವನ ಮುಖ ಬಾಡಿಹೋಯಿತು. “ರಿಪೇರಿಯವ್ರ ಕಡೆ ಈಗಿಂದೀಗ ಒಯ್ತೀನ್ರಿ. ಆಗಲಿಲ್ಲಂದ್ರ ಬೇಕರಿಯಿಂದ ಒಂದು ಕೇಕ್...”

“ಬೇಕರಿ ಕೇಕಾ?”

ಅವನು ಬುಟ್ಟಿಯನ್ನು ಮೂಲೆಗಿಳಿಸಿ ಎರಡು ಹೆಜ್ಜೆ ಹಿಂದೆ ಸರಿದ. ಜಾಣ.

“ಮಿಕ್ಸರ್ ಎಲ್ಲೂ ಹೋಗಂಗಿಲ್ಲ. ನಾನೇ ಬಿಚ್ತೀನಿ, ನಾನೇ ಕೂಡಸ್ತೀನಿ. ನೀವು ಸೂಪರ್ ಮಾರ್ಕೆಟ್ ಪ್ಯಾಟ್ಯಾಗ ಶಬ್ಬೀರ್ ಭಾಯಿ ಮಷೀನ್ ಸಾಮಾನಿನ ಅಂಗಡಿಗೆ ಹೋಗಿ ಗ್ರೀಸ್ ತರ್ರಿ. ಫುಡ್ ಗ್ರೇಡ್ ಅಂತ ಡಬ್ಬಿ ಮ್ಯಾಲ ಇರಬೇಕು. ಓದಾಕ ಬರ್ತದಲ್ರಿ?”

“ನಮ್ಮವ್ವ ಟೀಚರ್ ಅದಾಳ್ರಿ,” ಅಂದ ಮೆಲ್ಲಗೆ.

“ಹಂಗಂದ್ರ ಎರಡ ಸಲ ಓದ್ರಿ.”

ಅವನು ಮರಳುವಷ್ಟರಲ್ಲಿ ಮಿಕ್ಸರ್ ಹಳೆಯ ಸೀರೆಯ ಮೇಲೆ ಬಿಚ್ಚಿಕೊಂಡು ಕೂತಿತ್ತು. ಸ್ಕ್ರೂಗಳನ್ನು ಅವಳು ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಬೇರೆಬೇರೆ ಇಟ್ಟಿದ್ದಳು. ಹಿಂದಿನ ಮುಚ್ಚಳದವು ಸಾಸಿವೆ ಬಟ್ಟಲಲ್ಲಿ, ತಲೆಯವು ಜೀರಿಗೆ ಬಟ್ಟಲಲ್ಲಿ. ಬೀಟರಿನ ದಂಡವನ್ನು ಹಿಡಿದಿದ್ದ ಪಿನ್ನಿಗೆ ಮೊಳೆಯಿಟ್ಟು ಮೆಲ್ಲಗೆ ಬಡಿದು ಹೊರತೆಗೆದಳು. ಒಳಗೆ ತುಪ್ಪ ಕರಗಿ ಒಂದು ಮೂಲೆ ಸೇರಿತ್ತು. ಗೇರಿನ ಹಲ್ಲುಗಳು ಅದರಲ್ಲಿ ಪುಡಿಪುಡಿಯಾಗಿ ಬಿದ್ದಿದ್ದವು.

“ಟಾರ್ಚ್ ಹಿಡೀರಿ.”

ಹಿಡಿದ. ಬೆಳಕು ಮೊದಲು ಗೇರಿನ ಮೇಲಿತ್ತು. ಆಮೇಲೆ ಅವಳ ಬೆರಳುಗಳ ಮೇಲೆ ಬಂತು. ಅಲ್ಲಿಂದ ಮೆಲ್ಲಗೆ ಹತ್ತಿ, ಮೈದಾ ಮೆತ್ತಿದ ಕೆನ್ನೆಯ ಹತ್ತಿರ ಬಂದು ನಿಂತಿತು.

“ಗೇರ್ ಅಲ್ಲಿಲ್ರಿ.”

“ಗೊತ್ತದರಿ.”

“ಗೊತ್ತಿದ್ರ ಬೆಳಕ ಕೆಳಗ ಇರಲಿ.”

ಬೆಳಕು ಕೆಳಗಿಳಿಯಿತು, ಕಣ್ಣು ಇಳಿಯಲಿಲ್ಲ. ಅದು ಅವಳಿಗೆ ತಲೆ ಎತ್ತದೆಯೇ ಗೊತ್ತಾಯಿತು.

ಒಂದು ಬೇಕಾದಾಗ ಎರಡು ತರಿಸುವುದು ಅವಳ ರೂಢಿ. ಇಂಥ ದಿನಕ್ಕೆಂದೇ ಎತ್ತಿಟ್ಟಿದ್ದ ಹೊಸ ಗೇರನ್ನು ಕೂರಿಸಿ ಬೆರಳಿನಿಂದ ತಿರುಗಿಸಿದಳು. ಹಲ್ಲಿಗೆ ಹಲ್ಲು ಕಚ್ಚಿ ನುಣ್ಣಗೆ ತಿರುಗಿತು. ಗ್ರೀಸ್ ಸವರುತ್ತ, ಏನೂ ಅಲ್ಲದ ಮಾತಿನಂತೆ ಕೇಳಿದಳು.

“ಅಜ್ಜಿ ಒಂದು ಮಾತಂದ್ರ ನೀವ್ಯಾಕ ಇಷ್ಟ ಒದ್ದಾಡಬೇಕಿತ್ತು?”

“ಅವರ ಮನಸ್ಸಿಗೆ ಬರಬೇಕಿತ್ರಿ. ನಮ್ಮದು ಬ್ಯಾರೆ ಮನೆತನ, ಮಡಿ-ಗಿಡಿ ಇಲ್ಲದ್ದು. ನಾಳಿಗೊಂದಿನ ನಾ ಬಂದು ನಿಮ್ಮನ್ನ ಕೇಳಿದ್ರ ಅವರು ಒಲ್ಲೆ ಅನಬಾರದು ಅಂತ.”

ಅವಳ ಕೈ ನಿಂತಿತು. ಎಷ್ಟು ವಾರಗಳಿಂದ ಕಾಯುತ್ತಿದ್ದ ಮಾತು! ಎದೆ ತುಂಬಿ ಬಂತು, ನಿಜ. ಆದರೂ ಹುಡುಗಿ ಗದ್ದ ಎತ್ತಿದಳು.

“ನನ್ನ ಮಷೀನ್ ಬಿಚ್ಚೋದಿದ್ರ ಯಾರನ್ನ ಕೇಳಬೇಕಿತ್ತು?”

“ನಿಮ್ಮನ್ನರಿ.”

“ನನ್ನ ಲಗ್ನದ ಮಾತಿದ್ರ ಮೊದಲ ಯಾರನ್ನ ಕೇಳಬೇಕು?”

“ನಿಮ್ಮನ್ನೇ.”

“ಹಾಂ. ಈಗ ಸುಮ್ಮನ ಬೆಳಕ ಹಿಡೀರಿ. ಕೇಕ್ ಆಗೋತನಕ ಏನೂ ಕೇಳಬ್ಯಾಡ್ರಿ.”

ಅಜ್ಜಿ ಬಂದು ಗ್ರೀಸಿನ ಡಬ್ಬಿಯನ್ನು ಕನ್ನಡಕದ ಹತ್ತಿರ ಹಿಡಿದರು. “ಇದರಾಗ ಕೊಬ್ಬಿಲ್ಲ, ಹೌದಲ್ಲೊ?”

“ಎರಡ ಸಲ ಓದೀನ್ರಿ ಅಜ್ಜಿ. ಶಬ್ಬೀರ್ ಭಾಯಿ ಕಡೆನೂ ಓದಿಸೀನಿ.”

ಅಜ್ಜಿ ಮೊಮ್ಮಗಳತ್ತ ತಿರುಗಿದರು. “ಹುಡುಗ ಛಲೋ ಇದ್ದಾನ. ಮಷೀನಿನ ಕೆಲಸ ಮಾತ್ರ ಹೇಳಬ್ಯಾಡ.”

ಕೊನೆಯ ಸ್ಕ್ರೂ ಬಿಗಿಸಿ ಸುಮೇಧಾ ಸ್ವಿಚ್ ಹಾಕಿದಳು. ಬೀಟರ್ ತಿರುಗಿತು. ಬೆಣ್ಣೆ ಬಿಳುಪೇರಿ, ಹಗುರಾಗಿ, ಬೌಲಿನಂಚಿಗೆ ಏರತೊಡಗಿತು. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. ಅವನು ಮಿಕ್ಸರನ್ನು ನೋಡಲಿಲ್ಲ.

ಮರುದಿನ ಕಮಲಾಪುರದಲ್ಲಿ ತಟ್ಟೆಗಳು ನೋಡನೋಡುತ್ತಿದ್ದಂತೆ ಖಾಲಿಯಾದವು. ವಿವೇಕಾನಂದನ ಚಿಕ್ಕಪ್ಪ ಮಲ್ಲಣ್ಣ ಬೆರಳು ನೆಕ್ಕುತ್ತ, “ಯಾವ ಬೇಕರಿದೋ ಇದು?” ಎಂದು ಕೂಗಿದರು.

ವಿವೇಕಾನಂದ ನಾಲ್ಕು ಜನರ ನಡುವೆ ಎದ್ದು ನಿಂತ. “ಬೇಕರಿದಲ್ಲ ಕಾಕಾ. ಇವರು ಸುಮೇಧಾ, ಇವರ ಕೈಯಿಂದು. ಮಷೀನಿಗೆ ತುಪ್ಪ ಹಾಕಿ ಕೆಡಿಸಿದಾಂವ ನಾನು. ಬಿಚ್ಚಿ, ಗೇರ್ ಬದಲಿಸಿ, ಮತ್ತ ಕೂಡಿಸಿದವ್ರು ಇವರು. ನಾ ಬರೇ ಟಾರ್ಚ್ ಹಿಡದೀನಿ.”

ತಾನೇ ಏನೋ ಗೆದ್ದು ಬಂದವನಂತೆ ಅವನು ಅದನ್ನು ಹೇಳಿದ. ತನ್ನ ಸೋಲನ್ನು ಇಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವ ಗಂಡಸನ್ನು ಸುಮೇಧಾ ಎಲ್ಲೂ ಕಂಡಿರಲಿಲ್ಲ. ಅವಳ ಕಣ್ಣು ತುಂಬಿತು.

“ನನ್ನ ತುಪ್ಪ ಎಲ್ಲಿ ಹೋತಂತ ಮನಿಯೆಲ್ಲಾ ಹುಡಕೀನಿ!” ಎಂದು ಲಲಿತಾಬಾಯಿ ನಗುತ್ತ ಬಂದು ಸುಮೇಧಾಳ ಕೈ ಹಿಡಿದರು. ಉಗುರಿನ ಸಂದಿಯಲ್ಲಿ ಗ್ರೀಸ್ ಇನ್ನೂ ಇತ್ತು. ಅದನ್ನು ನೋಡಿ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. “ಇಂಥಾ ಕೈ ನಮ್ಮ ಮನಿಗೆ ಬೇಕವ್ವ. ನಿಮ್ಮ ಅಜ್ಜಿಯವರನ್ನ ಬಂದು ಕೇಳ್ತೀನಿ.”

“ಅವ್ವಾ, ತಡಿ,” ಅಂದ ಮಗ. “ಅಜ್ಜಿಗಿಂತ ಮೊದಲ ಇವರನ್ನೇ ಕೇಳಬೇಕು.” ಆಮೇಲೆ ಅವಳತ್ತ ತಿರುಗಿದ. “ಕೇಕ್ ಆಗ್ಯದ. ಈಗ ಕೇಳಬಹುದೇನ್ರಿ? ಸುಮೇಧಾ, ನನ್ನ ಲಗ್ನ ಆಗ್ತೀರೇನು?”

ಸುಮೇಧಾ ಕಣ್ಣೊರೆಸಿಕೊಂಡು, ಗದ್ದ ಎತ್ತಿ, ಅವನನ್ನೇ ನೋಡಿದಳು.

“ಆಗ್ತೀನಿ. ಆದ್ರ ಮಿಕ್ಸರ್ ನನ್ನ ಜೋಡಿ ಬರ್ತದ. ಅದಕ್ಕ ನೀವು ಕೈ ಹಚ್ಚಂಗಿಲ್ಲ.”

“ಟಾರ್ಚ್?”

“ಅದು ಜನ್ಮಪೂರ್ತಿ ನಿಮ್ಮದೇ ಕೆಲಸ,” ಅಂದಳು.