ಸದ್ದಿಲ್ಲದ ಹಸಿರು ಗಾಡಿ

ಧಡ್!

ಹಿಂದಿನಿಂದ ಗುದ್ದಿದ!

ನನ್ನ ಫಿಯಟ್ ಬಾಲ ಒದರಿತು. ಸ್ಟಿಯರಿಂಗ್ ಕೈಯಲ್ಲಿ ಹೊರಳಿತು. ತೊಡೆಗಳ ನಡುವೆ ಅವುಚಿಕೊಂಡಿದ್ದ ಹಾರ್ಲಿಕ್ಸ್ ಬಾಟಲಿ ಒಮ್ಮೆ ಹಾರಿ, ಮತ್ತೆ ಕೂತಿತು.

ಒಡೆಯಲಿಲ್ಲ.

ಕನ್ನಡಿ ನೋಡಿದೆ. ಹಸಿರು ಮೂತಿ... ಉದ್ದ, ಚಪ್ಪಟೆ. ಜಪಾನಿನ ಗಾಡಿ. ಒಳಗೆ ಮಾಯಣ್ಣ. ಗಾಡಿ ವ್ಯಾಪಾರದ ಗಂಗಾಧರಯ್ಯನ ಡ್ರೈವರ್ರೂ ಅವನೇ, ಬಲಗೈಯೂ ಅವನೇ, ಕಾವಲು ನಾಯಿಯೂ ಅವನೇ. ಮೂರು ಕೆಲಸಕ್ಕೆ ಒಂದೇ ಸಂಬಳ!

ತಿಪಟೂರು ಬಿಟ್ಟು ಐದಾರು ಮೈಲಿ ಆಗಿತ್ತು. ತುರುವೇಕೆರೆಗೆ ಇನ್ನೂ ಹನ್ನೆರಡು. ಗಂಟೆ ಹನ್ನೊಂದೂವರೆ. ಬುಧವಾರ. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ದಂಡಿನಶಿವರದ ನಿಂಗಮ್ಮ ತುರುವೇಕೆರೆಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿಬಿಡುತ್ತಾಳೆ. ಒತ್ತಿದರೆ ರಸ್ತೆ ಪಕ್ಕದ ನಲವತ್ತು ತೆಂಗಿನ ಮರ ಗಂಗಾಧರಯ್ಯನ ಪಾಲು. ಬದಲಿಗೆ ಅವಳಿಗೆ ಸಿಗುವುದು ಏನು ಗೊತ್ತಾ?

ನನ್ನನ್ನು ಗುದ್ದುತ್ತಿದ್ದ ಇದೇ ಗಾಡಿ!

ನಾನು ಹನ್ನೆರಡರೊಳಗೆ ಅಲ್ಲಿರಬೇಕು. ಬಾಟಲಿ ಸಮೇತ.

ನಾನು ಯಾರು ಅಂತ ಕೇಳ್ತೀರಾ? ನಾಗಕ್ಕ. ಹುಳಿಯಾರು ಕಡೆಯ ಗೊಲ್ಲರಹಟ್ಟಿಯವಳು. ಗಂಡ ಕ್ಯಾತಪ್ಪ ಲಾರಿ ಮೆಕ್ಯಾನಿಕ್. ಸತ್ತಾಗ ಬಿಟ್ಟುಹೋದದ್ದು ಒಂದು ಸ್ಪ್ಯಾನರ್ ಸೆಟ್ಟು, ಒಂದು ಕೆಟ್ಟುನಿಂತ ಫಿಯಟ್. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಎಬ್ಬಿಸಿದೆ. ಎಬ್ಬಿಸಿದ್ದು ಮಾತ್ರವಲ್ಲ... ಎರಡು ಕಾರ್ಬ್ಯುರೇಟರ್ ಕೂರಿಸಿದೆ, ಪಿನ್ನು ಪಿನ್ನೂ ಬಿಚ್ಚಿ ಹಗುರ ಮಾಡಿದೆ. ಆಮೇಲೆ ತಿಪಟೂರಿನಲ್ಲಿ ಗ್ಯಾರೇಜು ತೆರೆದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಮೊದಲು ನನ್ನ ಹತ್ತಿರ ತಂದು ತೋರಿಸುತ್ತಾರೆ. ಕುರಿ ಕೊಳ್ಳುವಾಗ ಹಲ್ಲು ನೋಡುವ ಜನ ನಾವು. ಗಾಡಿಗೂ ಹಲ್ಲಿರುತ್ತದೆ. ಗೇರಿನಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ.

ನಿಂಗಮ್ಮ ಬಂದದ್ದು ಹೋದ ವಾರ. ಜೊತೆಗೆ ಮಗಳು ಅಂಕಮ್ಮ. ಇಪ್ಪತ್ತೆರಡು ವರ್ಷ. ಹನ್ನೆರಡಕ್ಕೇ ಟ್ರ್ಯಾಕ್ಟರ್ ಹತ್ತಿದವಳು.

"ಬರೋ ವಾರ, ಭಾನುವಾರ ತುಮಕೂರಿಂದ ಮೋಟಾರ್ ರ‍್ಯಾಲಿ ಐತೆ ಕಣೆ ನಾಗಕ್ಕ. ಹೋದ ವರ್ಷ ಇವಳು ಹೆಸರು ಕೊಡಕ್ಕೆ ಹೋಗಿದ್ಲು. ಕಮಿಟಿಯೋರು ಏನಂದ್ರು ಗೊತ್ತಾ? ನೋಡಕ್ಕೆ ಬಾರವ್ವ, ಕುರ್ಚಿ ಹಾಕುಸ್ತೀವಿ ಅಂದ್ರು!"

"ನೀವೇನಂದ್ರಿ?"

"ಕುರ್ಚಿ ನೀವೇ ಮಡಿಕ್ಕಳಿ, ಗಾಡಿ ನಾವು ತತ್ತೀವಿ ಅಂದೆ. ಈಗ ಹೇಳು... ಫಾರಿನ್ನು ತಗೊಳ್ಳಾನಾ, ನಮ್ ದೇಶದ್ದೇ ತಗೊಳ್ಳಾನಾ? ಗಂಗಾಧರಯ್ಯ ಫಾರಿನ್ ಗಾಡಿ ಐತೆ ಅಂತಾನೆ. ಎಂಬೆಸಿಯೋರು ಓಡ್ಸಿದ್ದಂತೆ. ರೋಡ್ ಪಕ್ಕದ ತೋಟ ಬರಕೊಟ್ರೆ ಸಾಕಂತೆ."

ಆ ತೋಟ ಅವನಿಗೇಕೆ ಬೇಕು ಅಂತ ನನಗೆ ಗೊತ್ತಿತ್ತು. ಪೆಟ್ರೋಲ್ ಬಂಕ್!

"ಮೊದಲು ಗಾಡಿ ನನ್ನ ಗ್ಯಾರೇಜಿನ ಗುಂಡಿ ಮೇಲೆ ನಿಲ್ಸಕ್ಕೆ ಹೇಳಿ. ಆಮೇಲೆ ಹೆಬ್ಬೆಟ್ಟು," ಅಂದೆ.

ಆ 'ಮೊದಲು' ಬಂದದ್ದು ಇವತ್ತು ಬೆಳಗ್ಗೆ ಒಂಬತ್ತಕ್ಕೆ. ಮಾಯಣ್ಣ ಹಸಿರು ಗಾಡಿಯಲ್ಲಿ, ಗಂಗಾಧರಯ್ಯ ಹಿಂದೆ ಅಂಬಾಸಿಡರ್‌ನಲ್ಲಿ. ಫಾರಿನ್ ಗಾಡಿ ಮಾರುವ ಮನುಷ್ಯ, ತಾನು ಮಾತ್ರ ಅಂಬಾಸಿಡರ್ ಬಿಟ್ಟು ಇಳಿಯುವುದಿಲ್ಲ!

"ಕೇಳು ನಾಗಕ್ಕ. ಏನಾದ್ರೂ ಸದ್ದಿದೆಯಾ?"

"ಇಲ್ಲ."

"ಅದೇ ಫಾರಿನ್ನು!"

ಅದೇ ನನ್ನ ಅನುಮಾನ.

ಹತ್ತು ವರ್ಷ ಓಡಿದ ಗಾಡಿ ಸ್ವಲ್ಪವಾದರೂ ಗೊಣಗಬೇಕು. ಅಟ್ಟದ ಮೇಲೆ ವರ್ಷ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗಿನ ಕೊಬ್ಬರಿ ಗಡಗಡ ಅಂದರೆ ಸರಿ. ಸುಮ್ಮನಿದ್ದರೆ... ಒಂದೋ ಹಸಿ, ಇಲ್ಲವೇ ಕೊಳೆತದ್ದು. ನಮ್ಮ ಸೀಮೆಯಲ್ಲಿ ಮೌನವನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.

ಗಾಡಿ ಕೆಳಗಿನ ಗುಂಡಿಗೆ ಇಳಿದೆ. ಗೇರ್ ಬಾಕ್ಸಿನ ತಳದ ಬೋಲ್ಟ್ ಸಡಿಲಿಸಿದೆ. ಎಣ್ಣೆ ಧಾರೆಯಾಗಿ ಸುರಿಯಬೇಕು. ಸುರಿಯಲಿಲ್ಲ. ಅಂಬಲಿಯ ಹಾಗೆ ಲೊಟ್ಟನೆ ಬಿತ್ತು. ಬೆರಳಿಗೆ ಹಚ್ಚಿ ಉಜ್ಜಿದೆ.

ತೆಂಗಿನ ನಾರಿನ ಪುಡಿ!

ಹಳೆಯ ಆಟ. ಸವೆದ ಗೇರಿನ ಬಾಯಿ ಮುಚ್ಚಿಸಲು ಬೇರೆ ಊರಿನ ಕಳ್ಳರು ಮರದ ಹೊಟ್ಟು ತುಂಬುತ್ತಾರೆ. ನಮ್ಮೂರಿನ ಕಳ್ಳನ ಕಣ್ಣಿಗೆ ನಾರಿನ ಮಿಲ್ಲಿನ ಹಿಂದೆ ಪುಕ್ಕಟೆ ಬಿದ್ದಿರುವ ಪುಡಿ ಕಂಡಿದೆ. ದಡ್ಡ ಮುಂಡೇದು! ಮರದ ಬುಡಕ್ಕೆ ಅದನ್ನು ಯಾಕೆ ಹಾಕುತ್ತೇವೆ? ನೀರು ಹೀರಿ ಹಿಡಿದುಕೊಳ್ಳಲಿ ಅಂತ. ನೀರು ಕೊಟ್ಟರೆ ನೀರು ಕುಡಿಯುತ್ತದೆ, ಎಣ್ಣೆ ಕೊಟ್ಟರೆ ಎಣ್ಣೆ. ಕುಡಿದು ಊದಿಕೊಳ್ಳುತ್ತದೆ. ಗೇರಿಗೆ ಒಂದು ತೊಟ್ಟೂ ಉಳಿಸುವುದಿಲ್ಲ.

ಒಂದು ಹಾರ್ಲಿಕ್ಸ್ ಬಾಟಲಿ ತುಂಬಿಸಿಕೊಂಡು ಬೋಲ್ಟ್ ಬಿಗಿದೆ. ತಲೆ ಎತ್ತಿದರೆ ಗಂಗಾಧರಯ್ಯನ ಚಪ್ಪಲಿ.

"ಏನು ನೋಡಿದೆ?"

"ನಾರು."

"ಏನೂ ನೋಡಿಲ್ಲ ಅನ್ನು."

"ಕಣ್ಣು ಸರಿಯಾಗಿದೆ ಸ್ವಾಮಿ ನಂದು."

"ಈ ಶೆಡ್ಡು ನನ್ನ ಬಾಮೈದನದು. ನೆನಪಿದೆಯಾ?"

"ಪ್ರತಿ ತಿಂಗಳೂ ನೆನಪು ಮಾಡ್ತಾರಲ್ಲ."

ಅವನು ನಗಲಿಲ್ಲ. ಮಾಯಣ್ಣನ ಕಡೆ ತಿರುಗಿದ.

"ಹೆಬ್ಬೆಟ್ಟು ಬೀಳೋವರೆಗೂ ಇವಳು ಇಲ್ಲೇ ಇರಲಿ. ಗಾಡಿ ಪಾಸ್ ಅಂದ್ಲು ಅಂತ ನಿಂಗಮ್ಮನಿಗೆ ನಾನು ಹೇಳ್ತೀನಿ. ನೀನು ಕಾವಲಿದ್ದು, ಹನ್ನೊಂದೂಕಾಲಿಗೆ ಗಾಡಿ ತಗೊಂಡು ಬಾ. ಕೀ ಅಲ್ಲೇ ಕೊಡೋಣ."

ಹಸಿರು ಗಾಡಿ ಹೊರಗೆ ಹೋಯಿತು. ಶಟರ್ ಸರ್ರನೆ ಇಳಿಯಿತು. ಬೀಗ ಬಿತ್ತು!

ಎರಡು ಗಂಟೆ ಬಡಿದೆ, ಕೂಗಿದೆ. ಬುಧವಾರ ಕೊಬ್ಬರಿ ಹರಾಜಿನ ಗದ್ದಲ. ಲಾರಿ ಹಾರನ್ನುಗಳ ನಡುವೆ ನನ್ನ ಗಂಟಲು ಯಾರಿಗೆ ಕೇಳೀತು? ಕೊನೆಗೆ ಹೊರಗೆ ಹಸಿರು ಗಾಡಿಯ ಬಾಗಿಲು ಬಡಿದ ಸದ್ದು ಕೇಳಿತು. ಮಾಯಣ್ಣ ಹೊರಡುತ್ತಿದ್ದಾನೆ, ಕಾವಲು ತಪ್ಪಿತು. ಕೂಗುವುದನ್ನು ನಿಲ್ಲಿಸಿ ಸುತ್ತ ನೋಡಿದೆ.

ಮುಂದೆ ಕಬ್ಬಿಣದ ಶಟರ್. ಹಿಂದೆ ಗೋಡೆಯ ಬದಲು ತೆಂಗಿನ ಸೋಗೆಯ ತಡಿಕೆ. ಮೂರು ವರ್ಷದಿಂದ ಗೋಡೆ ಕಟ್ಟಿಸಿಕೊಡಿ ಅಂತ ಗೋಗರೆದಿದ್ದೆ. ಓನರ್ ಕಟ್ಟಿಸಿರಲಿಲ್ಲ.

ದೇವರು ದೊಡ್ಡವನು!

ಮೂಲೆಯಲ್ಲಿದ್ದ ಫಿಯಟ್ ಸ್ಟಾರ್ಟ್ ಮಾಡಿದೆ. ಫಸ್ಟ್ ಗೇರ್. ಕಣ್ಣು ಮುಚ್ಚಿದೆ. ತಡಿಕೆ ಪಟಪಟ ಮುರಿದು ನನ್ನ ಮೇಲೆ ಹಾದುಹೋಯಿತು. ಹಿತ್ತಲು ದಾಟಿ, ಸಂದಿಯಲ್ಲಿ ನುಗ್ಗಿ, ಎರಡು ಕೊಬ್ಬರಿ ಲಾರಿಗಳ ನಡುವೆ ತೂರಿ ತುರುವೇಕೆರೆ ರಸ್ತೆಗೆ ಬಿದ್ದೆ. ಅಲ್ಲಿ ಮಾಯಣ್ಣನನ್ನು ಹಿಂದೆ ಹಾಕಿದೆ. ಅವನು ನೋಡಿದ. ಬಾಯಿ ತೆರೆದ. ಆಮೇಲೆ ಆಕ್ಸಿಲರೇಟರ್ ತುಳಿದ...

ಹಾಗೆ ಶುರುವಾದದ್ದು ಈ ಗುದ್ದಾಟ.

ಧಡ್! ಮೂರನೇ ಸಲ. ಹಿಂದಿನ ಗಾಜು ಪುಡಿಯಾಯಿತು.

ಸುಳ್ಳು ಹೇಳಲಾರೆ. ನೆಟ್ಟನೆ ರಸ್ತೆಯಲ್ಲಿ ಆ ಗಾಡಿಗೆ ನನ್ನದು ಸಾಟಿಯಲ್ಲ. ನನ್ನ ಸ್ಪೀಡಿನ ಮುಳ್ಳು ಎಪ್ಪತ್ತರಲ್ಲಿ ನಡುಗುತ್ತಿದ್ದರೆ ಅವನು ಪಕ್ಕಕ್ಕೆ ಬಂದು, ಕಿಟಕಿಯಲ್ಲಿ ಹಲ್ಲು ಕಿಸಿದ.

"ನಿಲ್ಸು ನಾಗಕ್ಕೋ! ಕೆರೆಗೆ ತಳ್ಳಿಬುಡ್ತೀನಿ!"

"ಮೊದ್ಲು ಎಣ್ಣೆ ನೋಡ್ಕಳಲೇ!"

ಎದುರಿಗೆ ನೊಣವಿನಕೆರೆಯ ಏರಿ. ಒಂದು ಪಕ್ಕ ತುಂಬಿದ ಕೆರೆ. ಅವನು ಎಡಕ್ಕೆ ಒತ್ತಿದ. ತಗಡಿಗೆ ತಗಡು ಕಿರುಗುಟ್ಟಿತು. ನನ್ನ ಚಕ್ರ ಏರಿಯ ಕಲ್ಲಿಗೆ ತಾಗಿತು. ಇನ್ನೊಂದು ಗೇಣು... ನಾನು ಮೀನಿಗೆ ಊಟ!

ಬ್ರೇಕ್ ತುಳಿದೆ. ಅವನು ರೊಯ್ಯನೆ ಮುಂದೆ ಹೋದ. ಏರಿಯ ಕೊನೆಗೆ ಬಲಗಡೆ ತೋಟಗಳ ನಡುವೆ ಒಂದು ಎತ್ತಿನ ಗಾಡಿ ಜಾಡು ಇಳಿಯುತ್ತದೆ. ಮೂರು ಮೈಲಿ ಬಳಸಿ ಮತ್ತೆ ಇದೇ ರಸ್ತೆಗೆ ಕೂಡುತ್ತದೆ. ಅವನು ತಿರುಗಿಸಿಕೊಳ್ಳುವಷ್ಟರಲ್ಲಿ ಇಳಿದುಬಿಟ್ಟೆ.

ಬೇಕೆಂದೇ ಇಳಿದೆ. ಕೊರಕಲು, ಮರಳು, ಕಾಲುವೆ. ಅಲ್ಲಿ ನಾಲ್ಕನೇ ಗೇರ್ ನಡೆಯುವುದಿಲ್ಲ. ಫಸ್ಟ್, ಸೆಕೆಂಡ್, ಫಸ್ಟ್... ಎಲ್ಲಾ ಹೊರೆಯೂ ಹಲ್ಲಿನ ಮೇಲೆ!

ಅವನೂ ಇಳಿದ. ನನ್ನ ಫಿಯಟ್ ಒಡಕು ಬಿಂದಿಗೆಯ ಹಾಗೆ ಲೊಡಲೊಡ ಅನ್ನುತ್ತಾ ಓಡಿತು. ಅದರ ಪ್ರತಿ ಸದ್ದೂ ನನಗೆ ಗೊತ್ತು. ಯಾವ ನಟ್ಟು ಅಳುತ್ತಿದೆ, ಯಾವುದು ಸುಮ್ಮನೆ ನಾಟಕ ಆಡುತ್ತಿದೆ...

ಒಂದು ಮೈಲಿ. ಒಂದೂವರೆ.

ಆಗ ಹಿಂದಿನ ಗಾಡಿ ಮೊದಲ ಸಲ ಬಾಯಿ ತೆರೆಯಿತು!

ಊಂಂಂ... ಅಂತ ಶುರು. ಆಮೇಲೆ ಗಡಗಡ. ಆಮೇಲೆ ಚೀಲದಲ್ಲಿ ಕಲ್ಲು ತುಂಬಿ ಒದ್ದ ಹಾಗೆ... ಢಣ್!

ನಿಂತಿತು. ತಳದಿಂದ ಹೊಗೆ. ಸುಟ್ಟ ನಾರಿನ ವಾಸನೆ.

ಮಾಯಣ್ಣ ಜಾಕಿಯ ಕಬ್ಬಿಣದ ಲಿವರ್ ಹಿಡಿದು ಇಳಿದ. ನಾನು ರಿವರ್ಸ್ ತೆಗೆದು ಇಪ್ಪತ್ತು ಮಾರು ದೂರದಲ್ಲಿ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಲಿಲ್ಲ.

"ಏನ್ಲಾ ಮಾಯಣ್ಣ, ಎಂಬೆಸಿಗೆ ಫೋನ್ ಮಾಡಲಾ?"

"ನಾಗಕ್ಕ... ಅಯ್ಯ ನನ್ನ ಸಾಯಿಸ್ತಾನೆ ಕಣಕ್ಕ."

"ಪುಡಿ ತುಂಬಿದ್ದು ಯಾರು?"

ಅವನು ಲಿವರ್ ನೆಲಕ್ಕೆ ಹಾಕಿದ. ತನ್ನ ಎರಡೂ ಕೈಗಳನ್ನು ನೋಡಿಕೊಂಡ. ನನಗೆ ಅಷ್ಟು ಸಾಕಿತ್ತು.

ಸಬ್ ರಿಜಿಸ್ಟ್ರಾರ್ ಆಫೀಸಿನ ಗಡಿಯಾರ ಹನ್ನೆರಡಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ನಿಂಗಮ್ಮನ ಹೆಬ್ಬೆಟ್ಟಿಗೆ ಮಸಿ ಹಚ್ಚಿಯಾಗಿತ್ತು. ಕಾಗದಕ್ಕೂ ಹೆಬ್ಬೆಟ್ಟಿಗೂ ನಡುವೆ ಒಂದು ಅಂಗುಲ.

ಬಾಟಲಿಯನ್ನು ಆ ಅಂಗುಲದ ಮೇಲೆ ಕುಕ್ಕಿದೆ!

"ಯಾರ‍್ರೀ ಇದು?" ಗುಮಾಸ್ತ ಎದ್ದ.

ಗಂಗಾಧರಯ್ಯ ಅವನಿಗಿಂತ ಮೊದಲೇ ಎದ್ದಿದ್ದ. ತಲೆತುಂಬ ಸೋಗೆ ಕಡ್ಡಿ ಹೊತ್ತ ನನ್ನನ್ನು ನೋಡಿದ. ಬಾಗಿಲಿನಾಚೆ ಫಿಯಟ್ ನೋಡಿದ. ಹಸಿರು ಗಾಡಿ ಹುಡುಕಿದ.

"ನಿಂಗಮ್ನೋರೇ, ಇವಳ ಮಾತು ಕೇಳಬೇಡಿ. ತನ್ನ ಡಕೋಟ ನಿಮ್ಮ ತಲೆಗೆ ಕಟ್ಟೋಕೆ ಬಂದಿದ್ದಾಳೆ."

"ನನ್ನ ಗಾಡಿ ಮಾರಕ್ಕಿಲ್ಲ," ಅಂದೆ. "ಅಮ್ಮಾ, ಇದು ಅವರ ಗೇರ್ ಬಾಕ್ಸಿನ ಎಣ್ಣೆ. ನಾನು ಏನೂ ಹೇಳಲ್ಲ. ನೀವೇ ನೋಡಿ."

ನಿಂಗಮ್ಮ ಮಸಿ ಹತ್ತಿದ ಹೆಬ್ಬೆಟ್ಟನ್ನೇ ಬಾಟಲಿಗೆ ಅದ್ದಿದಳು. ತೋರುಬೆರಳಿಗೆ ಉಜ್ಜಿದಳು. ಮೂಸಿದಳು. ಐವತ್ತು ವರ್ಷ ತೋಟದಲ್ಲಿ ಬದುಕಿದ ಬೆರಳು ಅದು.

"ಗಂಗಾಧರಯ್ನೋರೇ."

"ಹೇಳಿ ತಾಯಿ."

"ಜಪಾನಿನಾಗೂ ತಿಪಟೂರ್ ತೆಂಗು ಹಾಕವ್ರಾ ಸ್ವಾಮಿ?"

ಗುಮಾಸ್ತ ಕಿಸಕ್ಕನೆ ನಕ್ಕ. ಗಡಿಯಾರ ಹನ್ನೆರಡು ಹೊಡೆಯಿತು.

"ರಾಹುಕಾಲ ಬಂತು," ಅಂದಳು ನಿಂಗಮ್ಮ, ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. "ಇನ್ನು ಒಂದೂವರೆ ಗಂಟೆ ಅಲ್ಲ, ಒಂದೂವರೆ ಜನ್ಮ ಕಾದ್ರೂ ಒತ್ತಾಕಿಲ್ಲ. ಎದ್ದೋಗಿ."

ಗಂಗಾಧರಯ್ಯ ನನ್ನ ಕಿವಿಯ ಹತ್ತಿರ ಬಂದ.

"ನಾಳೆ ನಿನ್ನ ಗ್ಯಾರೇಜು ಇರಲ್ಲ."

"ಇವತ್ತೇ ಇಲ್ಲ ಸ್ವಾಮಿ. ಹಿಂದ್ಗಡೆ ಒಡೆದುಕೊಂಡೇ ಬಂದೆ."

ಅವನು ಹೋದ. ಅಮ್ಮನ ಜೊತೆ ಬಂದಿದ್ದ ಅಂಕಮ್ಮ ಫಿಯಟ್ ಸುತ್ತ ಒಂದು ಸುತ್ತು ಬಂದಳು. ಒಡೆದ ಗಾಜು, ನಜ್ಜಾದ ಬಾಲ, ಉಜ್ಜಿಹೋದ ಬಣ್ಣ. ಹುಡುಗಿಯ ಮುಖ ಇಳಿದಿತ್ತು.

"ನಾಗಕ್ಕ, ನಿಜ ಹೇಳಿ. ಫಾರಿನ್ ಗಾಡಿ ಸರಿಯಾಗಿದ್ದಿದ್ರೆ?"

"ಸರಿಯಾಗಿದ್ದಿದ್ರೆ ನನ್ನನ್ನ ನೊಣವಿನಕೆರೆಯಲ್ಲೇ ಮುಳುಗಿಸಿರೋದು. ಓಟದಲ್ಲಿ ಅದರ ಮುಂದೆ ಇದೇನೂ ಅಲ್ಲ. ಆದ್ರೆ ಅದರ ಒಂದು ಬೇರಿಂಗ್ ಹೋದ್ರೆ ಹಡಗಿನಲ್ಲಿ ಬರಬೇಕು. ಇದರದ್ದು ಹೋದ್ರೆ ತಿಪಟೂರಲ್ಲಿ ಸಿಗುತ್ತೆ. ಮುಂದೆ ಯಾರು ಹೋಗ್ತಾರೆ ಅಂತ ನೋಡಬೇಡ. ಕೊನೇವರೆಗೂ ಯಾರು ಹೋಗ್ತಾರೆ ನೋಡು."

"ಆದ್ರೆ ಇದು ಮಾರಕ್ಕಿಲ್ಲ ಅಂದ್ರಲ್ಲ..."

ಕೀ ಅವಳ ಕೈಗೆ ಹಾಕಿದೆ.

"ಮಾರಲ್ಲ ಅಂದೆ. ಕೊಡಲ್ಲ ಅಂದ್ನಾ? ಭಾನುವಾರ ಓಡ್ಸು. ಸೋಮವಾರ ವಾಪಸ್ ತಾ. ಮಧ್ಯೆ ಏನಾದ್ರೂ ಬಿದ್ದೋದ್ರೆ ಎತ್ಕೊಂಡು ಬಾ!"

ಭಾನುವಾರ ಇಪ್ಪತ್ತೆರಡು ಗಾಡಿ ಹೊರಟವು. ಒಂಬತ್ತು ಕೊನೆ ಮುಟ್ಟಿದವು. ಅಂಕಮ್ಮ ಏಳನೆಯವಳು. ಕಮಿಟಿಯವರು ಕುರ್ಚಿ ಹಾಕಿಸಿಯೇ ಇದ್ದರು. ಅವರೇ ಕೂತು ನೋಡಿದರು.

ಶೆಡ್ಡಿನಿಂದ ನನ್ನ ಸಾಮಾನು ಬೀದಿಗೆ ಬಿದ್ದದ್ದೂ ನಿಜ. ನಿಂಗಮ್ಮ ಎತ್ತಿನ ಗಾಡಿ ಕಳಿಸಿದಳು. ರಸ್ತೆ ಪಕ್ಕದ ತೋಟದಲ್ಲಿ, ನಲವತ್ತು ಮರದ ನೆರಳಲ್ಲಿ, ಪೆಟ್ರೋಲ್ ಬಂಕ್ ಆಗಬೇಕಿದ್ದ ಜಾಗದಲ್ಲಿ ಹೊಸ ಗ್ಯಾರೇಜಿಗೆ ಗುಂಡಿ ತೋಡಿದೆ. ನಾಲ್ಕು ಕಡೆಗೂ ಸೋಗೆಯ ತಡಿಕೆ. ಗೋಡೆ ಬೇಡ ಅಂದೆ. ಅನುಭವ!

ಮೊದಲ ಗಿರಾಕಿ ಯಾರು ಗೊತ್ತಾ?

ಎರಡು ಎತ್ತು ಮುಂದೆ, ಹಗ್ಗ ನಡುವೆ, ಹಸಿರು ಗಾಡಿ ಹಿಂದೆ. ಸುತ್ತ ಮೂರು ತಾಲ್ಲೂಕಿನಲ್ಲಿ ಅದನ್ನು ಮುಟ್ಟಲು ಯಾರೂ ಒಪ್ಪಿರಲಿಲ್ಲವಂತೆ. ಅಂಬಾಸಿಡರ್‌ನಿಂದ ಗಂಗಾಧರಯ್ಯ ಇಳಿದ. ನನ್ನ ಮುಖ ನೋಡಲಿಲ್ಲ, ಮರ ನೋಡಿದ.

"ಏನ್ ತೊಂದರೆ ಸ್ವಾಮಿ?"

"ವಿಪರೀತ ಸದ್ದು ಮಾಡುತ್ತೆ."

ಸ್ಪ್ಯಾನರ್ ಕೈಗೆತ್ತಿಕೊಂಡೆ.

"ಒಳ್ಳೇದು. ನಿಮ್ಮ ಮನೇಲಿ ನಿಜ ಹೇಳೋಕೆ ಒಬ್ಬರಾದ್ರೂ ಶುರು ಮಾಡಿದ್ರಲ್ಲ!"