ದಾರಿ ಹೇಳುವ ಚಪ್ಪಲಿ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಆಗ ಹೊನ್ನಗಾವಲಿ ಅಂತ ಒಂದು ರಾಜ್ಯ. ಈ ತುದಿಯಿಂದ ಹೊರಟ ಕುದುರೆ ಆ ತುದಿ ಮುಟ್ಟುತ್ತಿರಲಿಲ್ಲ, ಅದರ ಮರಿಯ ಮರಿ ಮುಟ್ಟುತ್ತಿತ್ತು. ಸುಳ್ಳು ಅನ್ನಬೇಡಿ, ಆ ಕುದುರೆಗೆ ಹುಲ್ಲು ಹಾಕಿದವನು ನಮ್ಮ ಮುತ್ತಜ್ಜ.

ಅಷ್ಟು ದೊಡ್ಡ ರಾಜ್ಯದಲ್ಲಿ ಜನ ದಾರಿ ತಪ್ಪಿ ಒದ್ದಾಡುತ್ತಿದ್ದರು. ಧೂಮಕೇಶಿ ಎಂಬ ಮಾಂತ್ರಿಕ ಬಂದು ಮನೆಮನೆಗೂ ಪುಕ್ಕಟೆ ಚಪ್ಪಲಿ ಹಂಚಿದ. ಎಲ್ಲ ಒಂದೇ ಅಚ್ಚಿನವು, ಯಾವ ಕಾಲಿಗೂ ಸರಿ ಕೂರುವಂಥವು. ಮೆಟ್ಟಿಕೊಂಡರೆ "ಎಡಕ್ಕೆ ತಿರುಗು, ಬಲಕ್ಕೆ ತಿರುಗು" ಅಂತ ದಾರಿ ಹೇಳುತ್ತಿದ್ದವು. "ಒಬ್ಬರ ಜೋಡು ಇನ್ನೊಬ್ಬರು ಮೆಟ್ಟಬೇಡಿ, ಮೆಟ್ಟಿದರೆ ಅದು ಮೆಟ್ಟಿದವರದೇ ಆಗುತ್ತೆ," ಅಂದಿದ್ದ. ಜನ ಕುಣಿದಾಡಿದರು.

ಅರಮನೆಯಲ್ಲಿ ಕಸ ಗುಡಿಸುವ ಬೋರಯ್ಯ ಒಂದು ದಿನ ಅಲ್ಲೇ ಬೀಡುಬಿಟ್ಟಿದ್ದ ಮಾಂತ್ರಿಕನ ಕೋಣೆಯ ಬಾಗಿಲು ತಳ್ಳಿದ. ನೆಲದ ತುಂಬ ಮರಳು. ಮರಳಿನ ಮೇಲೆ ಸಾವಿರಾರು ಪುಟ್ಟ ಹೆಜ್ಜೆಗಳು ಕಾಲಿಲ್ಲದೆ ನಡೆಯುತ್ತಿದ್ದವು. ಒಂದು ಬಾವಿಗೆ, ಒಂದು ಹೊಲಕ್ಕೆ, ಒಂದು ಸೂಲಗಿತ್ತಿಯ ಮನೆಗೆ. ಒಂದು ಜೋಡಿ ಆ ಕೋಣೆಯ ಹೊಸ್ತಿಲಲ್ಲೇ ನಿಂತಿತ್ತು. ಅದು ಅವನದೇ.

ಬೋರಯ್ಯ ಓಡಿದ. ಗುಟ್ಟು ಹೊರಬೀಳದಿರಲಿ ಅಂತ ಮಾಂತ್ರಿಕ ಆ ಹೆಜ್ಜೆಯ ಮರಳನ್ನು ಮೂರು ಮೂಗಿನ ಹುಲಿಗೆ ಮೂಸಿಸಿ ಅವನ ಬೆನ್ನಿಗೆ ಬಿಟ್ಟ.

ಬೋರಯ್ಯ ಹುಲ್ಲಿನ ಬಣವೆಯಲ್ಲಿ ಅಡಗಿದ, ಹುಲಿ ನೆಟ್ಟಗೆ ಬಣವೆಗೆ ಬಂತು. ಹೊಳೆ ಈಜಿ ಗವಿ ಹೊಕ್ಕ, ಗವಿಗೂ ಬಂತು. ಕಡೆಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಕ್ಕ ಚೆಲುವಮ್ಮನ ಅಟ್ಟ ಹತ್ತಿದ. ಹುಲಿ ಬಂತು. ಅಟ್ಟದ ಕಡೆ ತಲೆಯನ್ನೂ ಎತ್ತದೆ ಚಪ್ಪಲಿ ಮೂಸಿ ಅಂಗಳದಲ್ಲಿ ಕೂತಿತು.

"ಲೋ ಬೋರ, ಅದು ಹುಡುಕೋದು ನಿನ್ನನ್ನಲ್ಲ ಕಣೋ. ಆ ಚಪ್ಪಲಿ ಮೆಟ್ಟಿದ ಕಾಲನ್ನ," ಅಂದಳು ಅಕ್ಕ.

"ಒಲೆಗೆ ಹಾಕಕ್ಕಾ."

"ಹಾಕಿದೆ. ಸುಡಲಿಲ್ಲ."

ಚಪ್ಪಲಿಗಳು ಬೂದಿ ಕೊಡವಿಕೊಂಡು ಅಟ್ಟದ ಏಣಿ ಹತ್ತತೊಡಗಿದ್ದವು. ಟಪ್. ಟಪ್. ಬೋರಯ್ಯ ಕಾಲು ಎದೆಗವುಚಿಕೊಂಡ.

"ಯಾರಿಗಾದರೂ ಮೆಟ್ಟಿಸಿಬಿಡ್ತೀಯಾ ಅಕ್ಕಾ? ಪಾಪದವರು ಸಾಯ್ತಾರೆ."

"ಪಾಪದವರಿಗೆ ಯಾಕೋ? ಹೊಲಿದವನಿಗೇ ಮೆಟ್ಟಿಸ್ತೀನಿ."

ಅವತ್ತು ರಾಜಕುಮಾರಿಯ ಮದುವೆ. ಬಂದವರ ಚಪ್ಪಲಿ ಕಾಯುವ ಕೆಲಸ ಚೆಲುವಮ್ಮನದು. ಒದ್ದಾಡುವ ಜೋಡನ್ನು ಬುಟ್ಟಿಯಲ್ಲಿ ಮುಚ್ಚಿ ತಲೆ ಮೇಲಿಟ್ಟುಕೊಂಡು ನಡೆದಳು. ಹಿಂದೆ ಹುಲಿಯ ಉಸಿರು ಕೇಳುತ್ತಿತ್ತು. ತಿರುಗಿ ನೋಡಲಿಲ್ಲ.

ಧೂಮಕೇಶಿಯೂ ಉಣ್ಣಲು ಬಂದ. ಅವನ ಜೋಡೂ ಅದೇ ಅಚ್ಚಿನದು, ಮಂತ್ರ ಮಾತ್ರ ಹಾಕಿರಲಿಲ್ಲ.

"ಏ ಮುದುಕಿ, ಇದನ್ನ ಮಿಕ್ಕವರ ಜೊತೆ ಸೇರಿಸಬೇಡ."

"ಬೇರೆಯೇ ಇಡ್ತೀನಿ ಸ್ವಾಮಿ. ಪಾಯಸ ಚೆನ್ನಾಗಿದೆಯಂತೆ, ನಿಧಾನಕ್ಕೆ ಉಣ್ಣಿ."

ಅವನು ತೇಗುತ್ತ ಹೊರಗೆ ಬಂದು ಅವಳು ಬೇರೆ ಇಟ್ಟಿದ್ದ ಜೋಡಿಗೆ ಕಾಲು ತೂರಿಸಿದ.

"ಎಡಕ್ಕೆ ತಿರುಗು," ಅಂತ ಕಾಲಡಿಯಿಂದ ದನಿ ಬಂತು.

ಅವನು ಕತ್ತು ಹೊರಳಿಸಿದ. ಎಡಕ್ಕೆ ಹುಲಿ ನಿಂತಿತ್ತು.

ಅವನ ಕೂಗು ನಿಂತ ಗಳಿಗೆ, ಕೋಣೆಯ ಮರಳಲ್ಲಿ ಹೆಜ್ಜೆಗಳೆಲ್ಲ ಅಳಿಸಿಹೋದವು. ಚಪ್ಪಲಿಗಳು ಮೂಕವಾದವು. ಹುಲಿ ಸುಮ್ಮನೆ ಕಾಡಿಗೆ ಹೋಯಿತು.

ಬೋರಯ್ಯ ಬರಿಗಾಲಲ್ಲಿ ಅಟ್ಟ ಇಳಿದು ತನಗೆ ಬೇಕಾದ ಕಡೆ ಹೋದ. ರಾಜ್ಯದವರು ದಾರಿ ಕೇಳುತ್ತ, ತಪ್ಪುತ್ತ, ನಗುತ್ತ ನೂರು ವರ್ಷ ಸುಖವಾಗಿ ಬಾಳಿದರು. "ನಿನ್ನ ತಮ್ಮ ಎಲ್ಲವ್ವಾ?" ಅಂತ ಯಾರು ಕೇಳಿದರೂ ಚೆಲುವಮ್ಮನದು ಒಂದೇ ಉತ್ತರ:

"ಎಲ್ಲೋ ಇದ್ದಾನೆ. ಚೆನ್ನಾಗಿದ್ದಾನೆ."