ರೀಸ್ಟಾರ್ಟ್ ಅನ್ನಬೇಕಿತ್ತು

ಬಿತುಂಗ್ ಬಂದರಿನ ಚರ್ಚ್ ಹಾಲ್‌ನಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ನಾನು ಮೀನು ಮಾರುವ ಹೆಂಗಸರಿಗೆ ಫೋನಿನ ಪಾಠ ಹೇಳುತ್ತಿದ್ದೆ. ಕ್ಲೌಡ್ ಎಂದರೆ ಮೇಲಿನ ಮೋಡವಲ್ಲ, ದೂರದಲ್ಲೆಲ್ಲೋ ಇರುವ ದೊಡ್ಡ ಕಂಪ್ಯೂಟರು, ನಿಮ್ಮ ಫೋಟೊಗಳನ್ನು ಅಲ್ಲಿ ಇಡಬಹುದು. ಇಷ್ಟು ಮನದಟ್ಟು ಮಾಡಿಸಲು ಮೊದಲ ವಾರದ ಪಾಠ ಪೂರ್ತಿ ಹಿಡಿಯಿತು.

ಎರಡನೇ ವಾರ ಮೆಯ್ಸ್ಕೆ ಬಂದಳು. ಪಾಠ ಮುಗಿದರೂ ಎದ್ದು ಹೋಗಲಿಲ್ಲ.

"ಮೇಷ್ಟ್ರೇ, ಇದ್ರಲ್ಲಿ ನನ್ ಗಂಡನ ದನಿ ಇದೆ. ದೋಣಿಯಿಂದ ಕಳಿಸಿದ್ದು, ಹನ್ನೊಂದು ಸಲ. ಅದು ಕಳೆದುಹೋಗದ ಹಾಗೆ ಏನ್ ಮಾಡ್ಬೇಕು?"

ಅವಳ ಗಂಡ ರೊಯ್ಕೆಯ ದೋಣಿ ಸೂರೆ ಮೀನಿಗೆಂದು ಹೋದದ್ದು ಎರಡು ವರ್ಷದ ಹಿಂದೆ. ಮರಳಲಿಲ್ಲ.

"ಬ್ಯಾಕಪ್ ಅಂತಾರೆ. ಇನ್ನೊಂದು ಪ್ರತಿ ತೆಗೆದಿಡೋದು. ಅದು ಇನ್ನೆರಡು ವಾರ ಬಿಟ್ಟು ಬರೋ ಪಾಠ."

ಅವತ್ತೇ ಹತ್ತು ನಿಮಿಷದಲ್ಲಿ ಮಾಡಿಕೊಡಬಹುದಿತ್ತು. ಅವಳು ಮತ್ತೆ ಬರಲಿ ಎಂದು ಮುಂದೆ ಹಾಕಿದೆ.

ಮೂರನೇ ವಾರ ಅವಳು ಕಿಟಕಿಯ ಬಳಿ ಕೂತಿದ್ದಳು. ಗಾಳಿಗೆ ಕೆನ್ನೆಗೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾ ತಲೆಯೆತ್ತಿದಳು. ನಾನು ನೋಡುತ್ತಿರುವುದು ಕಂಡು ನೋಟ ತಗ್ಗಿಸಿದಳು, ಮತ್ತೆ ಎತ್ತಿದಳು.

"ಫೋನ್ ನಿಧಾನ ಆದ್ರೆ..." ಎಂದವನು ಅಲ್ಲೇ ನಿಂತೆ.

"ಮೇಷ್ಟ್ರೇ ಹ್ಯಾಂಗ್ ಆದ್ರು ಕಣ್ರೇ" ಎಂದಳು ಲೆನ್ನಿ ಅಜ್ಜಿ. ಹಾಲ್ ತುಂಬ ನಗು.

"...ರೀಸೆಟ್ ಮಾಡಿ, ಸರಿಹೋಗತ್ತೆ" ಎಂದು ಮುಗಿಸಿದೆ.

ಮುಂದಿನ ಬುಧವಾರ ಮೆಯ್ಸ್ಕೆ ಪಾಠಕ್ಕೆ ಮೊದಲೇ ಬಂದು ಫೋನನ್ನು ನನ್ನ ಮೇಜಿನ ಮೇಲಿಟ್ಟಳು. ಯಾವ ಭಾಷೆ ಬೇಕು ಎಂದು ಅದು ಹೊಸ ಫೋನಿನಂತೆ ಕೇಳುತ್ತಿತ್ತು.

"ತುಂಬ ನಿಧಾನ ಆಗಿತ್ತು. ಇಂಗ್ಲಿಷಲ್ಲಿ ಏನೋ ಕೇಳ್ತು, ಹೂಂ ಅಂತ ಒತ್ತಿದೆ. ನೀವು ಹೇಳಿದ್ದನ್ನ ನಾನೇ ತಪ್ಪಾಗಿ ಕೇಳಿಸ್ಕೊಂಡಿರ್ಬೇಕು ಮೇಷ್ಟ್ರೇ. ರೊಯ್ಕೆ ಎಲ್ಲೂ ಸಿಗ್ತಿಲ್ಲ."

ಹದಿನೈದು ದಿನ ಫೋನು ಹಿಡಿದುಕೊಂಡು ಪಕ್ಕದ ಮನಾಡೋ ಪೇಟೆಯ ಮೊಬೈಲ್ ಅಂಗಡಿ ಅಂಗಡಿ ಅಲೆದೆ. ಅಳಿಸಿದ್ದು ಮರಳಿ ಬಾರದೆಂದು ಎಲ್ಲ ಕಡೆ ತಲೆಯಲ್ಲಾಡಿಸಿದರು. ಅಷ್ಟು ದಿನವೂ ಅವಳಿಗೆ ನಿಜ ಹೇಳಲಿಲ್ಲ.

ಕೊನೆಗೆ ಫೋನು ವಾಪಸು ಕೊಡಲು, ಅವಳು ಮೀನಿಗೆ ಹೊಗೆ ಹಾಕುವ ಶೆಡ್ಡಿಗೆ ಹೋದೆ.

"ನೀವು ಸರಿಯಾಗೇ ಕೇಳಿಸ್ಕೊಂಡ್ರಿ ಮೆಯ್ಸ್ಕೆ. ರೀಸ್ಟಾರ್ಟ್ ಅನ್ನಬೇಕಿತ್ತು, ಬರೀ ಆಫ್ ಮಾಡಿ ಆನ್ ಮಾಡೋದು. ನಾನು ರೀಸೆಟ್ ಅಂದ್ಬಿಟ್ಟೆ. ಅದು ಎಲ್ಲಾನೂ ಅಳಿಸಿಹಾಕತ್ತೆ."

ಅವಳ ಕೈಯಲ್ಲಿದ್ದ ಮೀನು ಹಾಗೇ ಉಳಿಯಿತು.

"ಯಾಕೆ ಹಾಗಂದ್ರಿ?"

"ನಿಮ್ಮನ್ನೇ ನೋಡ್ತಿದ್ದೆ. ಬ್ಯಾಕಪ್ ಪಾಠ ಮುಂದೆ ಹಾಕಿದ್ದೂ ನೀವು ಮತ್ತೆ ಬರಲಿ ಅಂತಾನೇ. ನಿಮ್ಮನ್ನ ಇಷ್ಟಪಟ್ಟುಬಿಟ್ಟೆ."

ಅವಳು ಮೀನನ್ನು ಕೆಳಗಿಟ್ಟಳು. ಹೊಗೆಗೋ ಏನೋ, ಕಣ್ಣು ಒರೆಸಿಕೊಂಡಳು.

"ನಾನೂ ನಿಮ್ಮನ್ನ ನೋಡ್ತಿದ್ದೆ. ಆ ಧ್ಯಾನದಲ್ಲಿ ಮಾತು ಕೇಳಿಸ್ಕೊಳ್ಳಲಿಲ್ಲ, ಗಂಡನ ದನಿ ನಾನೇ ಅಳಿಸಿದೆ ಅಂತ ಹದಿನೈದು ದಿನ ನನ್ನನ್ನೇ ಶಪಿಸ್ಕೊಂಡೆ."

ನಾನು ಕೈ ಚಾಚಿದೆ. ಅವಳು ಹಿಡಿದಳು, ಉಪ್ಪಿಗೆ ಬಿರುಕುಬಿಟ್ಟ ಬೆರಳುಗಳು. ಒಂದು ಗಳಿಗೆ ಬಿಗಿಯಾಗಿ ಒತ್ತಿ, ನಿಧಾನವಾಗಿ ಬಿಟ್ಟಳು.

"ಅವನ ದನಿ ಹೇಗಿತ್ತು ಅಂತ ಈಗ ನೆನಪು ಮಾಡ್ಕೋಬೇಕು. ನೀವು ಎದುರಿಗಿದ್ರೆ ನಿಮ್ಮದೇ ಕೇಳಿಸತ್ತೆ. ಇನ್ನು ಬರಬೇಡ, ಯೋಪಿ."

ಅದುವರೆಗೆ ಅವಳು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.